ರಾಜನಿಗೆ ಯಾರೂ ಹೇಳಲಿಲ್ವಾ?

ಅಕ್ಕನ ಮಗಳು ಪರೀಕ್ಷೆಗೆ ಫ್ರೆಂಚ್ ಕ್ರಾಂತಿಯ ಪಾಠ ಓದುತ್ತಿದ್ದಳು. ಖಜಾನೆ ಖಾಲಿ, ಜನರಿಗೆ ರೊಟ್ಟಿ ಇಲ್ಲ, ತೆರಿಗೆಯ ಭಾರವೆಲ್ಲ ಬಡವರ ಮೇಲೆ, ಕೊನೆಗೆ 1793ರ ಜನವರಿ 21ರಂದು 16ನೇ ಲೂಯಿಯ ತಲೆ ಹೋಯಿತು. ಇಷ್ಟನ್ನೂ ಗಟ್ಟಿಯಾಗಿ ಓದಿ ಮುಗಿಸಿ ಪುಸ್ತಕ ಮಡಚಿದಳು. ಆಮೇಲೆ ಕೇಳಿದಳು: "ಮಾಮ, ಇಷ್ಟೆಲ್ಲ ಆಗ್ತಿದೆ ಅಂತ ರಾಜನಿಗೆ ಯಾರೂ ಹೇಳಲಿಲ್ವಾ?"

ಒಳ್ಳೆಯ ಪ್ರಶ್ನೆ. ಪಾಠದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಅಲ್ಲಿ ರಾಜ ಇದ್ದಾನೆ, ರಾಣಿ ಇದ್ದಾಳೆ, ಹಸಿದ ಜನ ಇದ್ದಾರೆ. ನಡುವೆ ನಿಂತು "ಹೀಗೇ ಹೋದರೆ ಉಳಿಗಾಲವಿಲ್ಲ" ಎಂದವರ ಹೆಸರು ಬರುವುದಿಲ್ಲ.

ಹೇಳಿದವರು ಇದ್ದರು. ಅವರಲ್ಲೊಬ್ಬರು ಇಬ್ಬರು ರಾಜರಿಗೆ, ಎರಡು ದಶಕಕ್ಕೂ ಹೆಚ್ಚು ಕಾಲ, ಬರವಣಿಗೆಯಲ್ಲೇ ಹೇಳಿದರು. ಅವರು ಬಡವರಲ್ಲ, ಕ್ರಾಂತಿಕಾರಿಯೂ ಅಲ್ಲ. ಫ್ರಾನ್ಸಿನ ದೊಡ್ಡ ಮನೆತನಗಳಲ್ಲಿ ಒಂದರಲ್ಲಿ ಹುಟ್ಟಿದ ಕುಲೀನರು. ಹೆಸರು ಮಾಲ್‌ಜೆರ್ಬ್. ಅವರ ಬದುಕನ್ನು ತಿಳಿದುಕೊಂಡರೆ ಆ ಕಾಲದ ಸರ್ಕಾರ ಒಳಗಿನಿಂದ ಹೇಗೆ ನಡೆಯುತ್ತಿತ್ತು, ಎಲ್ಲಿ ಕೆಟ್ಟಿತು ಎಂಬುದೂ ಜೊತೆಗೇ ಗೊತ್ತಾಗುತ್ತದೆ.

ಕತ್ತಿಯವರು, ನಿಲುವಂಗಿಯವರು

ಪೂರ್ತಿ ಹೆಸರು ಗಿಯೋಮ್ ಕ್ರೆಟಿಯನ್ ದ ಲಮ್ವಾನ್ಯೋ ದ ಮಾಲ್‌ಜೆರ್ಬ್. 1721ರ ಡಿಸೆಂಬರ್ 6ರಂದು ಪ್ಯಾರಿಸ್‌ನಲ್ಲಿ ಹುಟ್ಟಿದರು. ಲಮ್ವಾನ್ಯೋ ಎಂಬುದು ಮನೆತನದ ಹೆಸರು. ಮಾಲ್‌ಜೆರ್ಬ್ ಎಂಬುದು ಪ್ಯಾರಿಸ್‌ನ ದಕ್ಷಿಣಕ್ಕೆ ಅವರ ಜಮೀನಿದ್ದ ಊರು. ಹಳೆಯ ಫ್ರೆಂಚಿನಲ್ಲಿ ಆ ಪದವನ್ನು ಬಿಡಿಸಿದರೆ 'ಕೆಟ್ಟ ಹುಲ್ಲು' ಎಂಬ ಅರ್ಥ ಬರುತ್ತದೆ. ಗಿಡಮರ ಎಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯನಿಗೆ ಈ ಹೆಸರು!

ಆಗಿನ ಫ್ರಾನ್ಸಿನಲ್ಲಿ ಜನರನ್ನು ಮೂರು ವರ್ಗ ಮಾಡಿದ್ದರು. ಪಾದ್ರಿಗಳು ಮೊದಲನೆಯವರು, ಕುಲೀನರು ಎರಡನೆಯವರು, ಉಳಿದವರೆಲ್ಲ ಮೂರನೆಯವರು. ರೈತ, ವಕೀಲ, ನೇಕಾರ, ದೊಡ್ಡ ವ್ಯಾಪಾರಿ ಎಲ್ಲರೂ ಈ ಮೂರನೆಯದರಲ್ಲೇ. ಇಷ್ಟು ಪಾಠದಲ್ಲೂ ಇದೆ. ಪಾಠ ಬಿಟ್ಟುಬಿಡುವ ಸಂಗತಿ ಏನೆಂದರೆ, ಕುಲೀನರಲ್ಲೂ ಎರಡು ಬಗೆ ಇತ್ತು. ಯುದ್ಧ ಮಾಡಿ ಮೇಲೆ ಬಂದ ಹಳೆಯ ಮನೆತನದವರು 'ಕತ್ತಿಯ ಕುಲೀನರು'. ನ್ಯಾಯಾಲಯ ಮತ್ತು ಆಡಳಿತದ ಹುದ್ದೆಗಳಿಂದ ಮೇಲೆ ಬಂದವರು 'ನಿಲುವಂಗಿಯ ಕುಲೀನರು'. ನ್ಯಾಯಾಧೀಶರ ಉದ್ದನೆಯ ಅಂಗಿಯಿಂದ ಬಂದ ಹೆಸರು ಅದು. ಲಮ್ವಾನ್ಯೋ ಮನೆತನ ಈ ಎರಡನೆಯ ಬಗೆಗೆ ಸೇರಿತ್ತು.

ನಮ್ಮ ಹಳ್ಳಿಗಳಲ್ಲಿ ಹಿಂದೆ ಶಾನುಭೋಗಿಕೆ ತಂದೆಯಿಂದ ಮಗನಿಗೆ ಬರುತ್ತಿತ್ತಲ್ಲ, ಅಲ್ಲಿ ನ್ಯಾಯಾಧೀಶರ ಹುದ್ದೆಯೂ ಹಾಗೆಯೇ ಬರುತ್ತಿತ್ತು. ಅದರ ಜೊತೆಗೆ ಇನ್ನೊಂದು ಇತ್ತು. ಆ ಹುದ್ದೆಯನ್ನು ದುಡ್ಡು ಕೊಟ್ಟು ಕೊಳ್ಳಬಹುದಿತ್ತು, ಬೇಕಾದಾಗ ಮಾರಬಹುದಿತ್ತು. ಕೇಳಿದರೆ ಇದೆಂಥ ಅನ್ಯಾಯ ಅನ್ನಿಸುತ್ತದೆ, ಅನ್ಯಾಯವೇ ಹೌದು. ಆದರೆ ಇದರಿಂದ ಯಾರೂ ಅಂದುಕೊಳ್ಳದ ಒಂದು ಪರಿಣಾಮ ಆಯಿತು. ಹುದ್ದೆ ನ್ಯಾಯಾಧೀಶನ ಸ್ವಂತ ಆಸ್ತಿ. ಅವನನ್ನು ತೆಗೆಯಬೇಕಾದರೆ ರಾಜ ಆ ದುಡ್ಡನ್ನು ಹಿಂತಿರುಗಿಸಬೇಕು. ಹಾಗಾಗಿ ಸುಮ್ನೆ ಸಿಟ್ಟು ಬಂತೆಂದು ಮನೆಗೆ ಕಳಿಸುವುದು ಸುಲಭವಿರಲಿಲ್ಲ. ಈ ಧೈರ್ಯದ ಮೇಲೆ ಅವರು ರಾಜನಿಗೆ ಎದುರು ಮಾತಾಡಬಹುದಿತ್ತು.

1750ರಲ್ಲಿ ಮಾಲ್‌ಜೆರ್ಬ್ ಅವರ ತಂದೆ ಫ್ರಾನ್ಸಿನ ಚಾನ್ಸಲರ್ ಆದರು, ಅಂದರೆ ಇಡೀ ನ್ಯಾಯಾಡಳಿತದ ಮುಖ್ಯಸ್ಥ. ಅದೇ ವರ್ಷ, ಇನ್ನೂ 30 ತುಂಬದ ಮಗನಿಗೆ ಎರಡು ಕೆಲಸ ಸಿಕ್ಕವು. ಒಂದು, ತೆರಿಗೆ ವ್ಯಾಜ್ಯಗಳ ದೊಡ್ಡ ನ್ಯಾಯಾಲಯದ ಅಧ್ಯಕ್ಷತೆ. ಇನ್ನೊಂದು, ಇಡೀ ದೇಶದ ಪುಸ್ತಕಗಳ ಮೇಲಿನ ಅಧಿಕಾರ.

ನೋಡಲು ದೊಡ್ಡ ಮನುಷ್ಯರ ಹಾಗೆ ಇರುತ್ತಿರಲಿಲ್ಲವಂತೆ. ದೊಡ್ಡ ಜೇಬುಗಳಿದ್ದ ಕಂದು ಕೋಟು, ಎದೆಯ ಮೇಲೆ ನಶ್ಯದ ಕಲೆ, ವಾರೆಯಾಗಿ ಕೂತ ಟೋಪನ್ನು. ಬಾಯಿ ಬಿಟ್ಟರೆ ಮಾತ್ರ ಇಡೀ ಕೋಣೆ ಅವರ ಕಡೆ ತಿರುಗುತ್ತಿತ್ತು ಎಂದು ಕಂಡವರು ಬರೆದಿದ್ದಾರೆ.

ಪುಸ್ತಕ ತಡೆಯುವವನೇ ಪುಸ್ತಕ ಬಚ್ಚಿಟ್ಟಾಗ

ಮೊದಲು ಪುಸ್ತಕದ ಕೆಲಸ ಏನೆಂದು ನೋಡೋಣ. ಆಗ ಫ್ರಾನ್ಸಿನಲ್ಲಿ ಯಾವ ಪುಸ್ತಕ ಅಚ್ಚಾಗಬೇಕಾದರೂ ಸರ್ಕಾರದ ಒಪ್ಪಿಗೆ ಬೇಕು. ಹಸ್ತಪ್ರತಿಯನ್ನು ಒಬ್ಬ ಪರಿಶೀಲಕ ಓದುತ್ತಾನೆ. ಧರ್ಮಕ್ಕೆ, ರಾಜನಿಗೆ, ಮರ್ಯಾದೆಗೆ ಧಕ್ಕೆ ಇಲ್ಲ ಎಂದು ಬರೆದು ಕೊಡುತ್ತಾನೆ. ಆಮೇಲೆ ರಾಜಮುದ್ರೆಯ ಪರವಾನಗಿ. ಇಂಥ ಪರಿಶೀಲಕರು ನೂರಕ್ಕೂ ಹೆಚ್ಚು ಮಂದಿ ಇದ್ದರು. ಅವರೆಲ್ಲರ ಮೇಲೆ ಮಾಲ್‌ಜೆರ್ಬ್.

ತೊಂದರೆ ಎಲ್ಲಿ ಬಂತೆಂದರೆ, ಓದಬೇಕಾದ ಒಳ್ಳೆಯ ಪುಸ್ತಕಗಳು ಈ ಜರಡಿಯಲ್ಲಿ ಇಳಿಯುತ್ತಲೇ ಇರಲಿಲ್ಲ. ರಾಜಮುದ್ರೆ ಬಿತ್ತೆಂದರೆ ಆ ಮಾತನ್ನು ರಾಜನೇ ಒಪ್ಪಿದ ಹಾಗೆ. ಪರಿಶೀಲಕ ಹೆದರುತ್ತಿದ್ದ. ಪ್ರಕಾಶಕರು ಹಾಲೆಂಡ್‌ಗೋ ಸ್ವಿಟ್ಜರ್ಲೆಂಡ್‌ಗೋ ಹೋಗಿ ಅಚ್ಚು ಹಾಕಿಸಿ, ಕಳ್ಳದಾರಿಯಲ್ಲಿ ಒಳಗೆ ತರುತ್ತಿದ್ದರು. ಪುಸ್ತಕ ನಿಲ್ಲಲಿಲ್ಲ, ಕಾಸು ಮಾತ್ರ ಹೊರದೇಶಕ್ಕೆ ಹೋಯಿತು.

ಇದಕ್ಕೆ ಒಂದು ನಡುದಾರಿ ಮೊದಲೇ ಇತ್ತು. ಮಾಲ್‌ಜೆರ್ಬ್ ಅದನ್ನು ಅಗಲ ಮಾಡಿದರು. ಅದರ ಹೆಸರು 'ಮೌನ ಅನುಮತಿ'. ಪುಸ್ತಕಕ್ಕೆ ರಾಜಮುದ್ರೆ ಇಲ್ಲ, ಆದರೆ ಪೊಲೀಸರು ಮುಟ್ಟುವುದೂ ಇಲ್ಲ. ಮುಖಪುಟದಲ್ಲಿ ಲಂಡನ್, ಆಮ್‌ಸ್ಟರ್‌ಡ್ಯಾಮ್ ಅಂತ ಹಾಕಿರುತ್ತಾರೆ, ಅಚ್ಚಾಗುವುದು ಪ್ಯಾರಿಸ್‌ನಲ್ಲೇ. ಮನೆಯ ಹಿರಿಯರು ಬಾಯಿಬಿಟ್ಟು 'ಹೋಗು' ಅನ್ನುವುದಿಲ್ಲ, ಹೊರಟಾಗ ಬಾಗಿಲ ಕಡೆ ನೋಡದೆ ಕೂರುತ್ತಾರೆ. ಹಾಗೆ.

ಇದರ ದೊಡ್ಡ ಪರೀಕ್ಷೆ ಲೇಖಕ ಡಿಡೆರೋ ಅವರ ವಿಶ್ವಕೋಶ. ಎಲ್ಲ ಜ್ಞಾನವನ್ನೂ, ಎಲ್ಲ ಕಸುಬನ್ನೂ ಒಂದೆಡೆ ತರಬೇಕೆಂದು ಹೊರಟ ಕೆಲಸ ಅದು. ಮೊದಲ ಸಂಪುಟ 1751ರಲ್ಲಿ ಬಂತು. ಮುಂದಿನ ವರ್ಷವೇ ಮೊದಲ ಎರಡು ಸಂಪುಟಗಳನ್ನು ನಿಷೇಧಿಸಿದರು. 1759ರಲ್ಲಿ ಪರವಾನಗಿಯನ್ನೇ ಕಿತ್ತುಕೊಂಡರು.

ಇಲ್ಲಿ ಡಿಡೆರೋ ಅವರ ಮಗಳು ಬರೆದಿಟ್ಟ ಒಂದು ನೆನಪು ಇದೆ. ನಾಳೆ ನಿನ್ನ ಹಸ್ತಪ್ರತಿಗಳನ್ನು ಜಪ್ತಿ ಮಾಡಲು ಆದೇಶ ಕೊಡುತ್ತೇನೆ ಎಂದು ಮಾಲ್‌ಜೆರ್ಬ್ ಡಿಡೆರೋಗೆ ಮುಂಚಿತವಾಗಿ ಹೇಳಿ ಕಳಿಸಿದರು. ಡಿಡೆರೋ ಕಂಗಾಲಾದರು. ಒಂದೇ ದಿನದಲ್ಲಿ ಅಷ್ಟು ಕಾಗದವನ್ನು ಎಲ್ಲಿಗೆ ಸಾಗಿಸುವುದು? ಇಟ್ಟುಕೊಳ್ಳುವ ಧೈರ್ಯ ಯಾರಿಗಿದೆ? ಅದಕ್ಕೆ ಮಾಲ್‌ಜೆರ್ಬ್ ಕೊಟ್ಟ ಉತ್ತರ: ಎಲ್ಲವನ್ನೂ ನನ್ನ ಮನೆಗೆ ಕಳಿಸಿಬಿಡು, ಇಲ್ಲಿ ಯಾರೂ ಹುಡುಕಲು ಬರುವುದಿಲ್ಲ. ಕಾಗದದ ರಾಶಿ, ಜಪ್ತಿಗೆ ಸಹಿ ಹಾಕಿದ ಅಧಿಕಾರಿಯ ಮನೆಯಲ್ಲೇ ಉಳಿಯಿತು. ವಿಶ್ವಕೋಶ ನಿಲ್ಲಲಿಲ್ಲ. ಬರಹದ 17 ಸಂಪುಟ, ಚಿತ್ರಗಳ 11 ಸಂಪುಟ, 1772ರ ಹೊತ್ತಿಗೆ ಮುಗಿಯಿತು.

ಹಾಗೆಂದು ಮಾಲ್‌ಜೆರ್ಬ್ ಡಿಡೆರೋ ಅವರಂಥ ಹೊಸ ವಿಚಾರದವರ ಪಕ್ಷಪಾತಿ ಅಂದುಕೊಳ್ಳಬೇಡಿ. ತಮ್ಮನ್ನು ಟೀಕಿಸುವ ಫ್ರೆರೋನ್ ಎಂಬ ಪತ್ರಿಕಾ ಬರಹಗಾರನ ಬಾಯಿ ಮುಚ್ಚಿಸಿ ಎಂದು ಆ ವಿಚಾರದ ಪ್ರಸಿದ್ಧ ಲೇಖಕ ವಾಲ್ಟೇರ್ ಕಡೆಯವರು ಒತ್ತಾಯ ಮಾಡಿದರು. ಮಾಲ್‌ಜೆರ್ಬ್ ಒಪ್ಪಲಿಲ್ಲ. ವಾಲ್ಟೇರ್ ಬರೆಯಬಹುದಾದರೆ ಅವರನ್ನು ಟೀಕಿಸುವವನೂ ಬರೆಯಬಹುದು, ಅಷ್ಟೇ. ನನಗೆ ಇವರ ಮೇಲೆ ಗೌರವ ಹೆಚ್ಚಾದದ್ದು ಹಸ್ತಪ್ರತಿ ಬಚ್ಚಿಟ್ಟ ಕತೆಯಿಂದಲ್ಲ, ಇದರಿಂದ.

1763ರವರೆಗೆ ಈ ಕೆಲಸ ಮಾಡಿದರು. ಮುಂದೆ 1788ರಲ್ಲಿ ಮುದ್ರಣ ಸ್ವಾತಂತ್ರ್ಯದ ಬಗ್ಗೆ ಬರೆಯುತ್ತಾ ಒಂದು ಮಾತು ಹೇಳಿದರು: ಸರ್ಕಾರದ ಒಪ್ಪಿಗೆ ಮುದ್ರೆ ಇದ್ದ ಪುಸ್ತಕಗಳನ್ನು ಮಾತ್ರ ಓದಿದ ಮನುಷ್ಯ ತನ್ನ ಕಾಲದವರಿಗಿಂತ ಹೆಚ್ಚುಕಡಿಮೆ ಒಂದು ಶತಮಾನ ಹಿಂದೆ ಉಳಿಯುತ್ತಾನೆ. ಆ ಮುದ್ರೆ ಕೊಡುವ ಕುರ್ಚಿಯಲ್ಲಿ 13 ವರ್ಷ ಕೂತಿದ್ದವರ ಮಾತು ಇದು.

ಸಂತೆ ಸುಂಕ ಮತ್ತು ಮೊನ್ನೆರಾನ ಸಂಕೋಲೆ

ಈಗ ಎರಡನೆಯ ಕೆಲಸ, ತೆರಿಗೆ ನ್ಯಾಯಾಲಯ. ಇದನ್ನು ತಿಳಿಯಲು ತೆರಿಗೆ ವಸೂಲಿ ಹೇಗಿತ್ತು ಎಂದು ಗೊತ್ತಿರಬೇಕು.

ವಾರದ ಸಂತೆಯಲ್ಲಿ ಸುಂಕ ಎತ್ತುವ ಹಕ್ಕನ್ನು ಹರಾಜು ಹಾಕುತ್ತಾರಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಹರಾಜು ಹಿಡಿದವನು ಪಂಚಾಯ್ತಿಗೆ ಇಷ್ಟು ಎಂದು ಕಟ್ಟುತ್ತಾನೆ. ಆಮೇಲೆ ಸಂತೆಗೆ ಬಂದವರಿಂದ ಎಷ್ಟು ಎತ್ತುತ್ತಾನೋ ಅದು ಅವನದು. ಫ್ರಾನ್ಸಿನಲ್ಲಿ ಉಪ್ಪು, ಹೊಗೆಸೊಪ್ಪು, ಹೆಂಡ ಮತ್ತು ಸರಕು ಸಾಗಣೆಯ ಮೇಲಿನ ತೆರಿಗೆಗಳು ಹೀಗೆಯೇ ಗುತ್ತಿಗೆಗೆ ಹೋಗುತ್ತಿದ್ದವು. ಗುತ್ತಿಗೆದಾರರ ಒಂದು ದೊಡ್ಡ ಕೂಟವೇ ಇತ್ತು. ರಾಜನಿಗೆ ಮುಂಗಡ ಹಣ ಕೊಡುತ್ತಿದ್ದರು. ವಸೂಲಿಗೆ ಅವರದೇ ಗುಮಾಸ್ತರು, ಅವರದೇ ಕಾವಲುಗಾರರು. ಆ ಕಾವಲುಗಾರರು ಮನೆಗೆ ನುಗ್ಗಿ ಶೋಧಿಸಬಹುದಿತ್ತು. ಉಪ್ಪಿನ ಬೆಲೆ ಒಂದು ಪ್ರಾಂತ್ಯದಲ್ಲಿ ಒಂದು, ಪಕ್ಕದ ಪ್ರಾಂತ್ಯದಲ್ಲಿ ಅದರ ಹಲವು ಪಟ್ಟು. ಹಾಗಾಗಿ ಉಪ್ಪು ಮತ್ತು ಹೊಗೆಸೊಪ್ಪಿನ ಕಳ್ಳಸಾಗಣೆ ಬಡವರಿಗೆ ಒಂದು ಕಸುಬೇ ಆಗಿತ್ತು.

1767ರಲ್ಲಿ ಮೊನ್ನೆರಾ ಎಂಬ ಸಣ್ಣ ವ್ಯಾಪಾರಿಯನ್ನು ಹೊಗೆಸೊಪ್ಪಿನ ಕಳ್ಳಸಾಗಣೆದಾರ ಎಂದು ಹಿಡಿದರು. ವಿಚಾರಣೆ ಇಲ್ಲ, ಜಡ್ಜ್ ಇಲ್ಲ. ಬಿಸೇತ್ರ್ ಎಂಬ ಸೆರೆಮನೆಗೆ ಹಾಕಿ, ನೆಲದಡಿಯ ಕತ್ತಲ ಕೋಣೆಯಲ್ಲೂ ಸಂಕೋಲೆ ಬಿಗಿದು ಇಟ್ಟರು. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಅವನು ಒಳಗಿದ್ದ. ಆಮೇಲೆ ಗೊತ್ತಾಯಿತು, ಹಿಡಿದದ್ದು ಬೇರೆ ಯಾರನ್ನೋ ಅಂದುಕೊಂಡು.

ಹೊರಗೆ ಬಂದ ಮೊನ್ನೆರಾ ಸುಮ್ಮನಾಗಲಿಲ್ಲ. ಪರಿಹಾರ ಕೇಳಿ ತೆರಿಗೆ ನ್ಯಾಯಾಲಯದ ಮೆಟ್ಟಿಲು ಹತ್ತಿದ. ಸರ್ಕಾರ ಕೇಸನ್ನು ಅಲ್ಲಿಂದ ಎತ್ತಿಕೊಂಡು ಮುಚ್ಚಿಹಾಕಲು ನೋಡಿತು. ಮಾಲ್‌ಜೆರ್ಬ್ ಬಿಡಲಿಲ್ಲ.

ಆಗ ಬಳಸಿದ ಅಸ್ತ್ರವೇ 'ಆಕ್ಷೇಪಣಾ ಪತ್ರ'. ಆ ಕಾಲದಲ್ಲಿ ಸಲಹೆಗಾರ ಎಂದರೆ ರಾಜನ ಕಿವಿಯಲ್ಲಿ ಪಿಸುಗುಟ್ಟುವವನು ಮಾತ್ರ ಅಲ್ಲ. ರಾಜನ ಆದೇಶ ಜಾರಿಗೆ ಬರಬೇಕಾದರೆ ದೊಡ್ಡ ನ್ಯಾಯಾಲಯಗಳು ಅದನ್ನು ತಮ್ಮ ದಾಖಲೆ ಪುಸ್ತಕದಲ್ಲಿ ಬರೆದುಕೊಳ್ಳಬೇಕಿತ್ತು. ಬರೆಯುವ ಮೊದಲು, ಇದರಲ್ಲಿ ಇಂಥ ತಪ್ಪಿದೆ ಎಂದು ರಾಜನಿಗೆ ಪತ್ರ ಕಳಿಸುವ ಹಕ್ಕು ಅವಕ್ಕೆ ಇತ್ತು. ಆಡಳಿತದಲ್ಲಿ ಕಂಡ ಅನ್ಯಾಯದ ಬಗ್ಗೆಯೂ ಬರೆಯಬಹುದಿತ್ತು. ಮನೆಯ ಯಜಮಾನ ಏನೇ ಹೇಳಿದರೂ ಲೆಕ್ಕದ ಪುಸ್ತಕ ಮಗನ ಕೈಲಿದೆ ಅಂದುಕೊಳ್ಳಿ. 'ಅಪ್ಪ, ಇದು ಸರಿಹೋಗುತ್ತಿಲ್ಲ' ಎಂದು ಬರೆಯುವ ಮುಂಚೆ ಹೇಳಬಹುದು. ಕೊನೆಗೆ ಅಪ್ಪ ಎದುರಿಗೆ ಬಂದು ಕೂತು 'ಬರಿ' ಅಂದರೆ ಬರೆಯಲೇಬೇಕು. ರಾಜನೂ ಹಾಗೆ ಖುದ್ದಾಗಿ ಬಂದು ಕೂತು ಬರೆಸಬಹುದಿತ್ತು.

ಮೊನ್ನೆರಾನ ವಿಷಯದಲ್ಲಿ 1770ರಲ್ಲಿ 15ನೇ ಲೂಯಿಗೆ ಹೋದ ಪತ್ರದ ಒಂದು ಸಾಲು ಇವತ್ತಿಗೂ ಫ್ರಾನ್ಸಿನಲ್ಲಿ ಪ್ರಸಿದ್ಧ. ಅದರ ತಾತ್ಪರ್ಯ ಹೀಗೆ: ಸ್ವಾಮಿ, ನಿಮ್ಮ ರಾಜ್ಯದಲ್ಲಿ ತನ್ನ ಸ್ವಾತಂತ್ರ್ಯ ಯಾರದೋ ಸೇಡಿಗೆ ಬಲಿಯಾಗುವುದಿಲ್ಲ ಎಂಬ ಭರವಸೆ ಯಾರಿಗೂ ಇಲ್ಲ. ಏಕೆಂದರೆ ಮಂತ್ರಿಯ ದ್ವೇಷ ತಟ್ಟದಷ್ಟು ದೊಡ್ಡವನು ಯಾರೂ ಇಲ್ಲ, ತೆರಿಗೆ ಗುಮಾಸ್ತನ ದ್ವೇಷಕ್ಕೆ ಸಿಗದಷ್ಟು ಸಣ್ಣವನೂ ಯಾರೂ ಇಲ್ಲ.

ಇಲ್ಲಿ ಇನ್ನೊಂದು ಪದ ತಿಳಿದಿರಬೇಕು: ಮುದ್ರೆಪತ್ರ. ರಾಜನ ಸಹಿ, ಮಂತ್ರಿಯ ಸಹಿ, ಮೇಲೆ ಮೊಹರು. ಅದರಲ್ಲಿ ಹೆಸರಿದ್ದವನನ್ನು ವಿಚಾರಣೆ ಇಲ್ಲದೆ ಸೆರೆಗೆ ಹಾಕಬಹುದು, ಊರು ಬಿಡಿಸಬಹುದು. ಎಷ್ಟು ದಿನ ಎಂದೂ ಹೇಳಬೇಕಾಗಿಲ್ಲ. ದಾರಿ ತಪ್ಪಿದ ಮಗನನ್ನು ಒಳಗೆ ಹಾಕಿಸಲು ಕುಟುಂಬದವರೇ ಅರ್ಜಿ ಕೊಟ್ಟು ಇಂಥ ಪತ್ರ ಪಡೆಯುವುದೂ ಇತ್ತು. ಮೊನ್ನೆರಾನನ್ನು ಹಿಡಿದದ್ದೂ ಇದರಿಂದಲೇ.

ಗಡಿಪಾರು, ಮತ್ತೆ ಕರೆ

1771ರಲ್ಲಿ ರಾಜನಿಗೆ ಈ ಆಕ್ಷೇಪಣೆಗಳು ಸಾಕಾಗಿಹೋದವು. ಚಾನ್ಸಲರ್ ಮೋಪು ಎಂಬಾತ ಎದುರು ಮಾತಾಡುವ ನ್ಯಾಯಾಲಯಗಳನ್ನೇ ಮುಚ್ಚಲು ಹೊರಟ. ಮಾಲ್‌ಜೆರ್ಬ್ ಮತ್ತೊಂದು ಪತ್ರ ಬರೆದರು. ನಮ್ಮ ಮಾತು ಬೇಡವಾದರೆ ಇಡೀ ರಾಷ್ಟ್ರವನ್ನೇ ಕೇಳಿ, ಜನಪ್ರತಿನಿಧಿಗಳ ಸಭೆ ಕರೆಯಿರಿ ಎಂದರು. ಆ ಸಭೆಯೇ ಎಸ್ಟೇಟ್ಸ್ ಜನರಲ್. ಅಲ್ಲಿಯವರೆಗೆ ಅದು ಕೊನೆಯ ಸಲ ಸೇರಿದ್ದು 1614ರಲ್ಲಿ. 1789ರಲ್ಲಿ ಕ್ರಾಂತಿ ಶುರುವಾದದ್ದು ಅದೇ ಸಭೆಯಿಂದ ಎಂದು ಪಾಠದಲ್ಲಿ ಓದಿರುತ್ತೀರಿ. ಇವರು ಅದನ್ನು 18 ವರ್ಷ ಮೊದಲೇ ಕೇಳಿದ್ದರು.

ಉತ್ತರವಾಗಿ ಬಂದದ್ದು ಒಂದು ಮುದ್ರೆಪತ್ರ, ಈ ಸಲ ಅವರದೇ ಹೆಸರಿಗೆ. ನ್ಯಾಯಾಲಯ ರದ್ದಾಯಿತು, ಅಧ್ಯಕ್ಷರು ತಮ್ಮ ಜಮೀನಿಗೆ ಗಡಿಪಾರು. ಅಲ್ಲಿ ಅವರು ಮರ ನೆಟ್ಟರು. ದೂರದೇಶದ ಬೀಜ ತರಿಸಿ ಮೊಳಕೆ ಬರಿಸುವುದು ಅವರಿಗೆ ಮೊದಲಿನಿಂದಲೂ ಹುಚ್ಚು. ಮುಂದೆ ಅಮೆರಿಕದ ರಾಯಭಾರಿಯಾಗಿ ಪ್ಯಾರಿಸ್‌ನಲ್ಲಿದ್ದ ಥಾಮಸ್ ಜೆಫರ್ಸನ್ ಅವರಿಗೂ ಇವರಿಗೂ ಸ್ನೇಹ ಬೆಳೆದದ್ದು ಈ ಗಿಡಗಳ ನೆಪದಲ್ಲೇ.

1774ರ ಮೇ ತಿಂಗಳಲ್ಲಿ 15ನೇ ಲೂಯಿ ಸಿಡುಬಿನಿಂದ ಸತ್ತ. ಮೊಮ್ಮಗ 16ನೇ ಲೂಯಿ ಪಟ್ಟಕ್ಕೆ ಬಂದ. 19 ವರ್ಷದ ಹುಡುಗ, ಒಳ್ಳೆಯವನು ಎನ್ನಿಸಿಕೊಳ್ಳಬೇಕೆಂಬ ಆಸೆ. ಮುಚ್ಚಿದ್ದ ನ್ಯಾಯಾಲಯಗಳನ್ನು ತೆರೆಸಿದ. ಮಾಲ್‌ಜೆರ್ಬ್ ತಮ್ಮ ಕುರ್ಚಿಗೆ ಮರಳಿದರು. ಮರಳಿದ ಕೂಡಲೇ ಮಾಡಿದ ಕೆಲಸ ಎಂದರೆ ಇನ್ನೊಂದು ಆಕ್ಷೇಪಣಾ ಪತ್ರ, 1775ರ ಮೇ 6ರದು. ಅವರು ಬರೆದದ್ದರಲ್ಲೆಲ್ಲ ದೊಡ್ಡದು ಇದು.

ಅದರಲ್ಲಿ ಒಂದು ಮಾತು ಇದೆ. ಗುತ್ತಿಗೆದಾರರ ತೆರಿಗೆ ನಿಯಮಗಳು ಬೆಟ್ಟದಷ್ಟಿವೆ, ಆದರೆ ಅವನ್ನು ಎಲ್ಲೂ ಒಂದೆಡೆ ಸೇರಿಸಿಲ್ಲ, ಅದು ಆ ಗುತ್ತಿಗೆದಾರರ ಹೊರತು ಬೇರೆ ಯಾರಿಗೂ ತಿಳಿಯದ ಗುಪ್ತ ವಿದ್ಯೆಯಾಗಿದೆ ಎಂದು. ಇದನ್ನು ಒಬ್ಬ ರೈತನ ಜಾಗದಲ್ಲಿ ನಿಂತು ನೋಡಿ. ಮನೆಗೆ ಗುಮಾಸ್ತ ಬಂದಿದ್ದಾನೆ. ಇಷ್ಟು ಕೊಡು ಅನ್ನುತ್ತಾನೆ. ಅಷ್ಟೇ ಕೊಡಬೇಕಾ, ಕಡಿಮೆಯಾ? ನೋಡಲು ಪುಸ್ತಕ ಇಲ್ಲ, ಕೇಳಲು ಜನ ಇಲ್ಲ. ದಂಡ ಹಾಕಿದರೆ ಯಾವ ನಿಯಮದಡಿ ಎಂದೂ ಗೊತ್ತಿಲ್ಲ. ಗುಮಾಸ್ತ ಹೇಳಿದ್ದೇ ಕಾನೂನು. ಮಾಲ್‌ಜೆರ್ಬ್ ಕೇಳಿದ್ದು ಎರಡು: ಎಷ್ಟು ತೆರಿಗೆ, ಯಾಕೆ ಎಂಬುದು ಎಲ್ಲರಿಗೂ ತಿಳಿಯುವಂತಾಗಲಿ. ರಾಜ ಮತ್ತು ಜನರ ನಡುವೆ ಮಾತು ನಡೆಯಲಿ.

ಹತ್ತು ತಿಂಗಳ ಮಂತ್ರಿ

ಅದೇ ಜುಲೈನಲ್ಲಿ ಅವರನ್ನೇ ಮಂತ್ರಿ ಮಾಡಿದರು. ಅರಮನೆ ಇಲಾಖೆ. ಹೆಸರು ಅರಮನೆಯದಾದರೂ ಪ್ಯಾರಿಸ್ ನಗರ, ಪ್ರೊಟೆಸ್ಟಂಟರ (ಕ್ಯಾಥೊಲಿಕ್ ಚರ್ಚನ್ನು ಒಪ್ಪದ ಕ್ರೈಸ್ತರ) ವಿಚಾರ, ಮುದ್ರೆಪತ್ರ ಎಲ್ಲ ಅದರ ಕೆಳಗೇ ಬರುತ್ತಿತ್ತು. ಹಣಕಾಸು ನೋಡುತ್ತಿದ್ದವರು ಅವರ ಗೆಳೆಯ ಟರ್ಗೋ.

ಮಾಲ್‌ಜೆರ್ಬ್ ಸೆರೆಮನೆಗಳಿಗೆ ಹೋದರು. ಯಾರು ಏಕೆ ಒಳಗಿದ್ದಾರೆ ಎಂದು ವಿಚಾರಿಸಿ ಕೆಲವರನ್ನು ಬಿಡಿಸಿದರು. ಮುದ್ರೆಪತ್ರ ಒಬ್ಬ ಮಂತ್ರಿಯ ಮರ್ಜಿಯಂತೆ ಹೊರಡಬಾರದು, ಹಲವರು ಕೂತು ನೋಡಿದ ಮೇಲೆ ಹೊರಡಬೇಕು ಎಂದರು. ಟರ್ಗೋ ಇನ್ನೂ ದೊಡ್ಡದಕ್ಕೆ ಕೈ ಹಾಕಿದರು. ರಸ್ತೆ ಕೆಲಸಕ್ಕೆ ರೈತರನ್ನು ಬಿಟ್ಟಿ ದುಡಿಸುವುದನ್ನು ನಿಲ್ಲಿಸಿ, ಅದರ ಬದಲು ಜಮೀನಿದ್ದ ಎಲ್ಲರಿಂದಲೂ ತೆರಿಗೆ ಎತ್ತಬೇಕು ಎಂದರು. ಎಲ್ಲರಿಂದ ಎಂದರೆ ಕುಲೀನರಿಂದಲೂ.

ಅಷ್ಟು ಸಾಕಾಯಿತು. 1776ರ ಮೇ 12ರಂದು ಟರ್ಗೋ ಕೆಲಸ ಕಳೆದುಕೊಂಡರು. ಮಾಲ್‌ಜೆರ್ಬ್ ತಾವಾಗಿಯೇ ರಾಜೀನಾಮೆ ಕೊಟ್ಟರು. ಆಗ 16ನೇ ಲೂಯಿ, "ನೀವು ಪುಣ್ಯವಂತರು, ಬಿಟ್ಟು ಹೋಗಬಹುದು. ನನಗೆ ಅದೂ ಆಗುವುದಿಲ್ಲ" ಎಂದನಂತೆ.

ಹಾಗಾದ್ರೆ ರಾಜ ಯಾಕೆ ಕೇಳಲಿಲ್ಲ?

ಇಷ್ಟು ಹೇಳುವ ಹೊತ್ತಿಗೆ ಅಕ್ಕನ ಮಗಳ ಎರಡನೆಯ ಪ್ರಶ್ನೆ ಇದೇ ಆಗಿತ್ತು. ಉತ್ತರ ಒಂದೇ ಇಲ್ಲ.

ಮೊದಲನೆಯದು ದುಡ್ಡು. ತೆರಿಗೆ ಗುತ್ತಿಗೆದಾರರಿಂದ ರಾಜ ಮುಂಗಡ ತೆಗೆದುಕೊಂಡು ಖರ್ಚು ಮಾಡಿ ಆಗಿತ್ತು. ಸಾಲ ಕೊಟ್ಟವನ ಅಂಗಡಿಯನ್ನು ಸಾಲಗಾರ ಮುಚ್ಚಿಸುವುದು ಹೇಗೆ? ಜೊತೆಗೆ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಫ್ರಾನ್ಸ್ ಸುರಿದ ಹಣ ಸಾಲವನ್ನು ಇನ್ನಷ್ಟು ಏರಿಸಿತು.

ಇನ್ನೊಂದು ಸ್ವಲ್ಪ ಗೋಜಲು. ರಾಜನನ್ನು ಪ್ರಶ್ನಿಸುವ ಹಕ್ಕಿದ್ದ ನ್ಯಾಯಾಲಯಗಳಲ್ಲಿ ಕೂತಿದ್ದವರು ಕುಲೀನರೇ. ಅನ್ಯಾಯದ ಸೆರೆಯನ್ನು ವಿರೋಧಿಸುತ್ತಿದ್ದ ಅದೇ ಪ್ಯಾರಿಸ್‌ನ ಮುಖ್ಯ ನ್ಯಾಯಾಲಯ, ಕುಲೀನರ ಮೇಲೆ ತೆರಿಗೆ ಎಂದಾಗ ಟರ್ಗೋ ವಿರುದ್ಧ ನಿಂತಿತು. ರಾಜ ಕೇಳಲು ಸಿದ್ಧನಿದ್ದಾಗ ಅವರು ಬಿಡಲಿಲ್ಲ, ಅವರು ಹೇಳಿದಾಗ ರಾಜ ಕೇಳಲಿಲ್ಲ.

ರಾಜನ ಸ್ವಭಾವವೂ ಇತ್ತು. ಕೆಟ್ಟವನಲ್ಲ, ಆದರೆ ಗಟ್ಟಿ ನಿಲ್ಲುವವನಲ್ಲ. ಬೆಳಗ್ಗೆ ಒಬ್ಬರ ಮಾತಿಗೆ ತಲೆ ಆಡಿಸಿದರೆ ಸಂಜೆ ಇನ್ನೊಬ್ಬರ ಮಾತಿಗೆ.

ಮಾಲ್‌ಜೆರ್ಬ್ ತಮ್ಮನ್ನೂ ಬಿಡಲಿಲ್ಲ. ಕೊನೆಗಾಲದಲ್ಲಿ ಅವರು ಆಡಿದರೆಂದು ಉಳಿದಿರುವ ಮಾತುಗಳ ಸಾರ ಇದು: ಟರ್ಗೋ ಮತ್ತು ನಾನು ಪ್ರಾಮಾಣಿಕರು, ಓದಿದವರು, ಒಳ್ಳೆಯದಾಗಲಿ ಎಂದು ಒದ್ದಾಡಿದವರು. ಆದರೂ ಆಡಳಿತ ನಮ್ಮ ಕೈಲಿ ಚೆನ್ನಾಗಿ ನಡೆಯಲಿಲ್ಲ. ಮನುಷ್ಯರನ್ನು ನಾವು ಪುಸ್ತಕಗಳಿಂದ ಮಾತ್ರ ತಿಳಿದಿದ್ದೆವು.

ಮದುವೆಯ ದಾಖಲೆ ಇಲ್ಲದವರು

1787ರಲ್ಲಿ ಅವರನ್ನು ಮತ್ತೆ ರಾಜಸಭೆಗೆ ಕರೆದರು, ಈ ಸಲ ಖಾತೆ ಇಲ್ಲದ ಮಂತ್ರಿಯಾಗಿ. ಸಾಲದ ವಿಚಾರದಲ್ಲಿ ಅವರ ಮಾತು ನಡೆಯಲಿಲ್ಲ. ಆದರೆ ಒಂದು ಕೆಲಸ ಆಯಿತು.

1685ರಲ್ಲಿ 14ನೇ ಲೂಯಿ ಫ್ರಾನ್ಸಿನ ಪ್ರೊಟೆಸ್ಟಂಟರ ಹಕ್ಕುಗಳನ್ನೆಲ್ಲ ಕಿತ್ತುಕೊಂಡಿದ್ದ. ಹುಟ್ಟು, ಮದುವೆ, ಸಾವಿನ ದಾಖಲೆ ಇಡುತ್ತಿದ್ದವರು ಕ್ಯಾಥೊಲಿಕ್ ಪಾದ್ರಿಗಳು. ಅವರ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಮದುವೆ ಮದುವೆಯಲ್ಲ, ಮಕ್ಕಳು ಸಕ್ರಮ ಮಕ್ಕಳಲ್ಲ, ಅಪ್ಪನ ಹೊಲ ಮಗನಿಗೆ ಬರುವುದೂ ಕಷ್ಟ. ಇವತ್ತು ಜನನ ಪ್ರಮಾಣಪತ್ರ ಇಲ್ಲದೆ ಶಾಲೆಗೆ ಸೇರಿಸಲು ಹೋದವರಿಗೆ ಕಾಗದ ಇಲ್ಲದಿರುವುದು ಎಂದರೇನು ಎಂದು ಗೊತ್ತು. ಅಲ್ಲಿ ತಲೆತಲಾಂತರ ಜನ ಹೀಗೆ ಬದುಕಿದ್ದರು.

ಮಾಲ್‌ಜೆರ್ಬ್ 1785ರಿಂದಲೇ ಈ ಬಗ್ಗೆ ಉದ್ದುದ್ದದ ಟಿಪ್ಪಣಿಗಳನ್ನು ಬರೆದಿದ್ದರು. 1787ರ ನವೆಂಬರಿನಲ್ಲಿ ರಾಜ ಆದೇಶಕ್ಕೆ ಸಹಿ ಹಾಕಿದ. ಕ್ಯಾಥೊಲಿಕರಲ್ಲದವರೂ ಹುಟ್ಟು, ಮದುವೆ, ಸಾವನ್ನು ದಾಖಲು ಮಾಡಿಸಬಹುದಾಯಿತು. ಬಹಿರಂಗ ಪೂಜೆಯ ಹಕ್ಕು ಸಿಗಲಿಲ್ಲ, ಹಲವು ಸರ್ಕಾರಿ ಹುದ್ದೆಗಳೂ ಇಲ್ಲ. ಆದರೂ ಮಕ್ಕಳಿಗೆ ಅಪ್ಪನ ಹೆಸರು ಸಿಕ್ಕಿತು.

ಇದರಲ್ಲಿ ಒಂದು ಮನೆಯ ಋಣವೂ ಇತ್ತು. ಮಾಲ್‌ಜೆರ್ಬ್ ಅವರ ತಾತನ ತಮ್ಮ ಬಾವಿಲ್ ಎಂಬಾತ 14ನೇ ಲೂಯಿಯ ಅಧಿಕಾರಿಯಾಗಿ ದಕ್ಷಿಣ ಫ್ರಾನ್ಸಿನಲ್ಲಿ ಪ್ರೊಟೆಸ್ಟಂಟರನ್ನು ಕ್ರೂರವಾಗಿ ಹಿಂಸಿಸಿದ್ದ. 'ನಮ್ಮ ಹಿರಿಯ ಅವರಿಗೆ ಅಷ್ಟು ಕೆಟ್ಟದ್ದು ಮಾಡಿದ್ದಾನೆ, ನಾನು ಸ್ವಲ್ಪವಾದರೂ ಒಳ್ಳೆಯದು ಮಾಡಬೇಡವೇ' ಎನ್ನುತ್ತಿದ್ದರಂತೆ.

ಆ ರಾಜಸಭೆಯ ಕೊನೆಯ ದಿನಗಳಿಗೆ ನಮ್ಮ ನಾಡಿನ ನಂಟು ಒಂದಿದೆ. 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ 16ನೇ ಲೂಯಿಯನ್ನು ಭೇಟಿಯಾದವರು ಟಿಪ್ಪು ಸುಲ್ತಾನ್ ಕಳಿಸಿದ್ದ ಮೂವರು ರಾಯಭಾರಿಗಳು. ಬ್ರಿಟಿಷರ ವಿರುದ್ಧ ಸಹಾಯ ಬೇಕಿತ್ತು. ರಾಜ ವೈಭವದಿಂದ ಸ್ವಾಗತಿಸಿದ, ಸೇನೆ ಮಾತ್ರ ಕಳಿಸಲಿಲ್ಲ. ಕಳಿಸಲು ಖಜಾನೆಯಲ್ಲಿ ದುಡ್ಡೂ ಇರಲಿಲ್ಲ. ಅದೇ ತಿಂಗಳು ಮಾಲ್‌ಜೆರ್ಬ್ ಸಭೆ ಬಿಟ್ಟು ಮನೆಗೆ ಹೋದರು.

71ನೇ ವಯಸ್ಸಿನಲ್ಲಿ ವಕೀಲಿಕೆ

ಮುಂದಿನದು ಪಾಠದಲ್ಲಿದೆ: 1789, ಬಾಸ್ಟೀಲ್ ಕೋಟೆ, 1792ರಲ್ಲಿ ಗಣರಾಜ್ಯ, ರಾಜ ಸೆರೆಯಲ್ಲಿ. ಡಿಸೆಂಬರ್ 11ರಂದು ಅವನ ವಿಚಾರಣೆ ಶುರುವಾಯಿತು. ರಾಜ ಇಬ್ಬರು ವಕೀಲರ ಹೆಸರು ಹೇಳಿದ. ಒಬ್ಬರು ಆಗುವುದಿಲ್ಲ ಎಂದರು. ರಾಜನ ಪರ ನಿಂತವನ ತಲೆಯೂ ಉಳಿಯಲಾರದು ಎಂದು ಎಲ್ಲರಿಗೂ ಗೊತ್ತಿತ್ತು.

ಆಗ ವಿಚಾರಣೆ ನಡೆಸುತ್ತಿದ್ದ ಜನಪ್ರತಿನಿಧಿಗಳ ಸಭೆಯ ಅಧ್ಯಕ್ಷರಿಗೆ ಒಂದು ಪತ್ರ ಬಂತು. ನನ್ನ ಒಡೆಯನಾಗಿದ್ದವನ ಸಭೆಗೆ ನನ್ನನ್ನು ಎರಡು ಸಲ ಕರೆದಿದ್ದರು, ಆಗ ಆ ಕೆಲಸಕ್ಕೆ ಎಲ್ಲರೂ ಆಸೆಪಡುತ್ತಿದ್ದರು, ಈಗ ಅದೇ ಕೆಲಸವನ್ನು ಹಲವರು ಅಪಾಯ ಎಂದುಕೊಂಡಿದ್ದಾರೆ, ಆದ್ದರಿಂದ ಈಗಲೂ ನಾನು ಅದನ್ನು ಮಾಡಬೇಕು. ಸಹಿ, ಮಾಲ್‌ಜೆರ್ಬ್. ಸ್ತ್ರೀಯರ ಹಕ್ಕುಗಳಿಗಾಗಿ ಹೋರಾಡಿದ ಒಲಾಂಪ್ ದ ಗೂಜ್ ಕೂಡ ಅವರಿಗೆ ಜೊತೆಯಾಗಲು ಮುಂದೆ ಬಂದರು, ಸಭೆ ಒಪ್ಪಲಿಲ್ಲ.

ಸೆರೆಮನೆಯಲ್ಲಿ ಮುದುಕರನ್ನು ಕಂಡ ಲೂಯಿ ಅಪ್ಪಿಕೊಂಡ. ನಿಮ್ಮ ಜೀವ ಅಪಾಯಕ್ಕೆ ಒಡ್ಡುತ್ತಿದ್ದೀರಿ, ನನ್ನದನ್ನಂತೂ ಉಳಿಸಲಾರಿರಿ ಎಂದ. ತಯಾರಿಗೆ ಸಿಕ್ಕಿದ್ದು ಎರಡೇ ವಾರ. ಮಾಲ್‌ಜೆರ್ಬ್ ಜೊತೆಗೆ ಟ್ರಾಂಶೆ ಮತ್ತು ಡಿಸೆಂಬರ್ 26ರಂದು ವಾದ ಮಂಡಿಸಿದ ದ ಸೇಜ್. ರಾಜ ಎಂಬ ಮಾತೇ ಅಪರಾಧವಾಗಿದ್ದ ದಿನಗಳಲ್ಲಿ ಮಾಲ್‌ಜೆರ್ಬ್ ಅವನನ್ನು 'ಮಹಾಪ್ರಭು' ಎಂದೇ ಕರೆಯುತ್ತಿದ್ದರು. ಇಷ್ಟು ಧೈರ್ಯ ಎಲ್ಲಿಂದ ಬಂತು ಎಂದು ಒಬ್ಬ ಪ್ರತಿನಿಧಿ ಕೇಳಿದನಂತೆ. "ನಿಮ್ಮ ಮೇಲಿನ ತಿರಸ್ಕಾರದಿಂದ, ಬದುಕಿನ ಮೇಲಿನ ತಿರಸ್ಕಾರದಿಂದ" ಎಂದರಂತೆ ಇವರು.

ಮತ ಹಾಕಿದ 721 ಮಂದಿಯಲ್ಲಿ 387 ಜನ ಮರಣದಂಡನೆಯ ಕಡೆ, 334 ಜನ ಬೇರೆ ಶಿಕ್ಷೆಯ ಕಡೆ. ಆ 387ರಲ್ಲೂ 26 ಮಂದಿ, ಶಿಕ್ಷೆಯನ್ನು ಮುಂದೂಡುವುದನ್ನು ಚರ್ಚಿಸೋಣ ಎಂಬ ಮಾತು ಸೇರಿಸಿದ್ದರು. ಫಲಿತಾಂಶ ಬಂದ ಮೇಲೆ ಮಾಲ್‌ಜೆರ್ಬ್ ಮಾತಾಡಲು ಎದ್ದರು. ಅಳು ಒತ್ತಿ ಬಂತು, ಮಾತು ಹೊರಡಲಿಲ್ಲ. ಜೀವನವೆಲ್ಲ ಬರವಣಿಗೆಯಲ್ಲೂ ಮಾತಿನಲ್ಲೂ ವಾದಿಸಿದ ಮನುಷ್ಯ. ರಾಜನಿಗೆ ಸುದ್ದಿ ಮುಟ್ಟಿಸಿದವರೂ ಅವರೇ. ಬತ್ತಿ ಸಣ್ಣಗಾಗಿದ್ದ ಕೋಣೆಯಲ್ಲಿ ಲೂಯಿ ಮೇಜಿನ ಮೇಲೆ ಮೊಣಕೈ ಊರಿ ಮುಖ ಮುಚ್ಚಿಕೊಂಡು ಕೂತಿದ್ದ. ಇವರು ಕಾಲ ಬಳಿ ಕುಸಿದರು, ರಾಜನೇ ಎಬ್ಬಿಸಿ ಸಮಾಧಾನ ಹೇಳಿದ.

1794ರ ಏಪ್ರಿಲ್

ಆಮೇಲೆ ಹಳ್ಳಿಗೆ ಹೋಗಿ ಗಿಡಮರಗಳ ನಡುವೆ ಇದ್ದರು. 1793ರ ಡಿಸೆಂಬರಿನಲ್ಲಿ ಕ್ರಾಂತಿ ಸರ್ಕಾರದವರು ಅಲ್ಲಿಗೂ ಬಂದರು. ಮಗಳು, ಅಳಿಯ, ಮೊಮ್ಮಕ್ಕಳ ಸಮೇತ ಬಂಧಿಸಿದರು. ಆರೋಪ ಪಿತೂರಿ.

ಏಪ್ರಿಲ್ 22ರಂದು ಗಾಡಿ ಹತ್ತಲು ಹೋಗುವಾಗ ಕಲ್ಲಿಗೆ ಕಾಲು ಎಡವಿತು. "ಅಪಶಕುನ. ನನ್ನ ಜಾಗದಲ್ಲಿ ಪ್ರಾಚೀನ ರೋಮಿನವನೊಬ್ಬ ಇದ್ದಿದ್ದರೆ ವಾಪಸ್ ಹೋಗುತ್ತಿದ್ದ" ಎಂದರಂತೆ. ಅವರ ಅಳಿಯ ಎರಡು ದಿನ ಮೊದಲೇ ತಲೆ ಕಡಿಯುವ ಯಂತ್ರ ಗಿಲೊಟಿನ್‌ಗೆ ಬಲಿಯಾಗಿದ್ದ. ಈಗ ಮಗಳು, ಮೊಮ್ಮಗಳು, ಅವಳ ಗಂಡ, ಮತ್ತು 72 ವರ್ಷದ ಮಾಲ್‌ಜೆರ್ಬ್, ಎಲ್ಲರೂ ಒಂದೇ ದಿನ ಹೋದರು.

ಇನ್ನೊಬ್ಬ ಮೊಮ್ಮಗಳು ಮತ್ತು ಅವಳ ಗಂಡ ಸೆರೆಯಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದರು. ಜುಲೈನಲ್ಲಿ ಕ್ರಾಂತಿ ಸರ್ಕಾರದ ಮುಂದಾಳು ರಾಬ್ಸ್‌ಪಿಯರ್ ಅಧಿಕಾರದಿಂದ ಬಿದ್ದ, ಅವರು ಉಳಿದುಕೊಂಡರು. 1805ರಲ್ಲಿ ಅವರಿಗೆ ಹುಟ್ಟಿದ ಮಗ ಅಲೆಕ್ಸಿಸ್ ದ ಟಾಕ್ವಿಲ್. ಪ್ರಜಾಪ್ರಭುತ್ವದ ಬಗ್ಗೆ ಓದಿದವರಿಗೆಲ್ಲ ಪರಿಚಿತ ಹೆಸರು. ಮಾಲ್‌ಜೆರ್ಬ್ ರಾಜನೆದುರು ಜನರ ಪರ ನಿಂತರು, ಆಮೇಲೆ ಜನರೆದುರು ರಾಜನ ಪರ ನಿಂತರು, ಆ ಎರಡನ್ನೂ ನಾನು ಮರೆತಿಲ್ಲ ಎಂದು ಟಾಕ್ವಿಲ್ ಬರೆದಿಟ್ಟಿದ್ದಾರೆ.

ಮಾಲ್‌ಜೆರ್ಬ್ ಸತ್ತ ಅದೇ 1794ರಲ್ಲಿ ಸ್ಪೇನಿನ ಇಬ್ಬರು ಸಸ್ಯಶಾಸ್ತ್ರಜ್ಞರು ಪೆರು ಮತ್ತು ಚಿಲಿಯ ಗಿಡಗಳ ಬಗ್ಗೆ ಪುಸ್ತಕ ಹೊರತಂದರು. ಅದರಲ್ಲಿ ಒಂದು ಜಾತಿಯ ಹೂಗಿಡಗಳಿಗೆ ಮಾಲೆಶರ್ಬಿಯಾ ಎಂದು ಇವರ ಹೆಸರಿಟ್ಟರು. ಆಂಡಿಸ್ ಬೆಟ್ಟಸಾಲಿನ ಒಣ ಇಳಿಜಾರುಗಳಲ್ಲಿ ಅದು ಈಗಲೂ ಬೆಳೆಯುತ್ತದೆ.